ಬಿಳಿ ಹಕ್ಕಳೆಯ ಭಯ, ಕಾಣದ ಫ್ಲೋರೈಡ್: ಕೊಪ್ಪಳದ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಕ್ಷಾರೀಯತೆಯ ಕಥೆ

ಈ ವಿಡಿಯೊ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಮೇಜಿನ ಮೇಲೆ ಎರಡು ಗಾಜಿನ ಲೋಟ. ಒಂದರಲ್ಲಿ ಬೋರ್‌ವೆಲ್ ನೀರು, ಇನ್ನೊಂದರಲ್ಲಿ ಆರ್‌ಒ ನೀರು. ನೋಡಲು ಎರಡೂ ತಿಳಿಯಾಗಿವೆ. ಒಬ್ಬಾತ ನಾಲ್ಕು ಕಡ್ಡಿಗಳಿರುವ ಯಂತ್ರವೊಂದನ್ನು ಎರಡೂ ಲೋಟಗಳಿಗೆ ಇಳಿಬಿಟ್ಟು ಸ್ವಿಚ್ ಒತ್ತುತ್ತಾನೆ. ಅರ್ಧ ನಿಮಿಷದಲ್ಲಿ ಬೋರ್‌ವೆಲ್ ನೀರು ಕಂದು ಬಣ್ಣಕ್ಕೆ ತಿರುಗಿ ಮೇಲೆ ಗಸಿ ತೇಲತೊಡಗುತ್ತದೆ. ಆರ್‌ಒ ನೀರು ಇದ್ದಂತೆಯೇ ಇರುತ್ತದೆ. ಕೊನೆಗೆ ಕೆಂಪು ಅಕ್ಷರದಲ್ಲಿ ಒಂದು ಸಾಲು: ‘ಇದೇ ಸುಣ್ಣ ನಿಮ್ಮ ಕಿಡ್ನಿಯಲ್ಲಿ ಕಲ್ಲಾಗುತ್ತದೆ. ಎಲ್ಲರಿಗೂ ಕಳಿಸಿ.’

ಕುಷ್ಟಗಿ ತಾಲ್ಲೂಕಿನ ನಮ್ಮ ಸಂಬಂಧಿಕರ ಮನೆಗೆ ಈ ವಿಡಿಯೊ ಜೀವಂತವಾಗಿಯೇ ಬಂದಿತ್ತು. ಯಂತ್ರ ಮಾರುವ ಹುಡುಗ ಜಗಲಿಯ ಮೇಲೆ ಕೂತು ಇದೇ ಆಟ ತೋರಿಸಿದ. ಮನೆಯವರು ಹೆದರಿದರು. ಅವನು ಎದ್ದು ಹೋಗುವ ಮೊದಲು ನಾನು ಆರ್‌ಒ ನೀರಿನ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ, ಯಂತ್ರ ಮತ್ತೊಮ್ಮೆ ಇಡಲು ಕೇಳಿದೆ. ಈ ಸಲ ಅದೂ ಕಂದು ಬಣ್ಣವಾಯಿತು.

ಕಾರಣ ಸರಳ. ಆ ಕಡ್ಡಿಗಳಲ್ಲಿ ಕೆಲವು ಕಬ್ಬಿಣದವು. ಲವಣಗಳಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಹರಿದಾಗ ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಿನ ಗಸಿಯಾಗುತ್ತದೆ. ಆರ್‌ಒ ನೀರಿನಲ್ಲಿ ಲವಣ ಬಹಳ ಕಡಿಮೆ, ಹಾಗಾಗಿ ವಿದ್ಯುತ್ ಹರಿಯುವುದಿಲ್ಲ, ಕಡ್ಡಿ ಕರಗುವುದಿಲ್ಲ. ಲೋಟದಲ್ಲಿ ಕಂಡ ಕೊಳೆ ನೀರಿನದಲ್ಲ, ಯಂತ್ರದ್ದು. ಎಳನೀರಿಗೆ ಆ ಕಡ್ಡಿ ಇಳಿಬಿಟ್ಟರೂ ಅದು ‘ಕೊಳಕು’ ಎಂದೇ ತೋರಿಸುತ್ತದೆ.

ಇಲ್ಲಿಗೆ ‘ಫೇಕ್’ ಎಂದು ಮೊಹರು ಒತ್ತಿ ಮುಗಿಸಬಹುದಿತ್ತು. ಆದರೆ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಅಷ್ಟು ಹೇಳಿ ಸುಮ್ಮನಾದರೆ ಅದೂ ಅರ್ಧ ಸುಳ್ಳೇ. ವಿಡಿಯೊ ಹೇಳುವ ಭಯ ಸುಳ್ಳು. ನೀರಿನಲ್ಲಿ ಭಯಪಡಬೇಕಾದ್ದು ಏನೂ ಇಲ್ಲ ಎನ್ನುವುದೂ ಸುಳ್ಳು.

ಪಾತ್ರೆಯ ತಳದ ಬಿಳಿ ಹಕ್ಕಳೆ ಏನು?

ನೀರು ಕಾಯಿಸುವ ಹಂಡೆಯ ಒಳಗೆ, ಗೀಸರಿನ ಕಾಯಿಲ್ ಮೇಲೆ, ನಲ್ಲಿಯ ಬಾಯಲ್ಲಿ ಕೂರುವ ಬಿಳಿ ಹಕ್ಕಳೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದ ಕಲ್ಲು, ಮೊಟ್ಟೆಯ ಸಿಪ್ಪೆ, ಶಂಖ, ಸೀಮೆಸುಣ್ಣದ ಕಲ್ಲು, ಎಲ್ಲದರಲ್ಲೂ ಇರುವುದು ಇದೇ ವಸ್ತು. ಇದು ಹುಟ್ಟಲು ನೀರಿನಲ್ಲಿ ಎರಡು ಸಾಮಗ್ರಿ ಬೇಕು: ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್. ಕುದಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಉಳಿದ ಎರಡೂ ಜೋಡಿಯಾಗಿ ಗಟ್ಟಿಯಾಗಿ ತಳಕ್ಕೆ ಅಂಟುತ್ತವೆ.

ನೀರಿನಲ್ಲಿ ಮುಖ್ಯವಾಗಿ ಈ ಬೈಕಾರ್ಬೊನೇಟ್ ಎಷ್ಟಿದೆ ಎಂದು ಹೇಳುವ ಅಳತೆಗೆ ಕ್ಷಾರೀಯತೆ ಎನ್ನುತ್ತಾರೆ. ಇದಕ್ಕೂ, ಬಾಟಲಿಗೆ ನೂರಾರು ರೂಪಾಯಿ ಕೊಟ್ಟು ಕೊಳ್ಳುವ ‘ಆಲ್ಕಲೈನ್ ವಾಟರ್’ ಪ್ರಚಾರಕ್ಕೂ ಸಂಬಂಧ ಹಚ್ಚಬೇಡಿ. ಅದು ಪಿಎಚ್ ಹೆಸರಿನಲ್ಲಿ ನಡೆಯುವ ವ್ಯಾಪಾರ. ಕ್ಷಾರೀಯತೆ ಎಂದರೆ ನೀರು ಎಷ್ಟು ಆಮ್ಲವನ್ನು ತಾಳಿಕೊಳ್ಳಬಲ್ಲದು ಎಂಬ ಲೆಕ್ಕ. ಬಾಟಲಿ ನೀರಿಗಿಂತ ನಿಮ್ಮ ಹೊಲದ ಬೋರ್‌ವೆಲ್‌ನಲ್ಲಿ ಅದು ಹೆಚ್ಚಿರುವ ಸಾಧ್ಯತೆಯೇ ಜಾಸ್ತಿ, ಅದೂ ಪುಕ್ಕಟೆಯಾಗಿ.

ಇನ್ನು ಕಿಡ್ನಿ ಕಲ್ಲು. ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್‌ನವು. ಹೆಸರಿನಲ್ಲಿ ಕ್ಯಾಲ್ಸಿಯಂ ಇದೆ, ಆದ್ದರಿಂದ ಕ್ಯಾಲ್ಸಿಯಂ ಕುಡಿದರೆ ಕಲ್ಲು ಎಂಬ ಊಹೆ ಸಹಜ. ಆದರೆ ಹೊಟ್ಟೆಯೊಳಗೆ ನಡೆಯುವುದು ಹೆಚ್ಚು ಕಡಿಮೆ ತಿರುಗಾಮುರುಗಾ. ಊಟದ ಜೊತೆ ಬಂದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದ ಮೂಲಕ ಹೊರಗೆ ಹಾಕುತ್ತದೆ, ಮೂತ್ರಕ್ಕೆ ಹೋಗುವ ಆಕ್ಸಲೇಟ್ ಕಡಿಮೆಯಾಗುತ್ತದೆ. ಅಮೆರಿಕದಲ್ಲಿ 45 ಸಾವಿರಕ್ಕೂ ಹೆಚ್ಚು ಗಂಡಸರನ್ನು ಗಮನಿಸಿ 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಹಾರದಿಂದ ಹೆಚ್ಚು ಕ್ಯಾಲ್ಸಿಯಂ ಪಡೆದವರಲ್ಲಿ ಕಲ್ಲಿನ ತೊಂದರೆ ಕಡಿಮೆ ಕಂಡುಬಂತು. ಗಡಸು ನೀರಿನಿಂದಲೇ ಕಲ್ಲು ಆಗುತ್ತದೆ ಎಂಬುದು ಇದುವರೆಗೆ ಸಾಬೀತಾಗಿಲ್ಲ. ನಮ್ಮ ಕಡೆ ಕಲ್ಲಿಗೆ ದೊಡ್ಡ ಕಾರಣ ಬಿಸಿಲಲ್ಲಿ ದುಡಿದು, ಬೆವರು ಹರಿಸಿ, ಸಾಕಷ್ಟು ನೀರು ಕುಡಿಯದೇ ಇರುವುದು. ಕಲ್ಲು ಆಗಿರುವವರು ವೈದ್ಯರು ಹೇಳಿದಂತೆ ನಡೆಯಬೇಕು, ಅದು ಬೇರೆ ಮಾತು.

ವಿಶ್ವ ಆರೋಗ್ಯ ಸಂಸ್ಥೆ ನೀರಿನ ಗಡಸುತನಕ್ಕೆ ಆರೋಗ್ಯದ ಕಾರಣಕ್ಕಾಗಿ ಯಾವ ಮಿತಿಯನ್ನೂ ಹಾಕಿಲ್ಲ. ನಮ್ಮ ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನದಂಡದಲ್ಲಿ ಒಟ್ಟು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಒಪ್ಪಬಹುದಾದ ಮಿತಿ, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಸೈ. ಕ್ಷಾರೀಯತೆಗೂ ಅವೇ ಎರಡು ಅಂಕಿ. ಕ್ಯಾಲ್ಸಿಯಂಗೆ 75 ಮತ್ತು 200. ಫ್ಲೋರೈಡ್‌ಗೆ ಮಾತ್ರ 1 ಮತ್ತು ಒಂದೂವರೆ. ಈ ಕೊನೆಯ ಅಂಕಿಯನ್ನು ನೆನಪಿಟ್ಟುಕೊಳ್ಳಿ.

ಹವಳ ಸಾಕುವವರು ಕಲಿತ ಪಾಠ

ಸ್ವಲ್ಪ ದೂರ ಹೋಗಿ ಬರೋಣ. ಹೊರದೇಶಗಳಲ್ಲಿ ಮನೆಯೊಳಗೆ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿಸಿ ಜೀವಂತ ಹವಳ ಬೆಳೆಸುವ ಹವ್ಯಾಸ ಇದೆ. (ನಮ್ಮಲ್ಲಿ ಅದಕ್ಕೆ ಕೈಹಾಕುವ ಮೊದಲು ಯೋಚಿಸಿ. ಬಂಡೆ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಅವನ್ನು ನೋಡಬಹುದು, ಕಿತ್ತು ತರುವಂತಿಲ್ಲ.) ಹವಳದ ಅಸ್ಥಿಪಂಜರ ಎಂದರೆ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್, ನಮ್ಮ ಹಂಡೆಯ ಹಕ್ಕಳೆ. ಹವಳ ಬೆಳೆದಂತೆ ನೀರಿನಿಂದ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಎರಡೂ ಖಾಲಿಯಾಗುತ್ತವೆ. ಆದ್ದರಿಂದ ಆ ಹವ್ಯಾಸಿಗಳು ಪ್ರತಿ ವಾರ ಹನಿ ಹನಿ ಔಷಧ ಹಾಕಿ ಬಣ್ಣ ನೋಡಿ ಎರಡನ್ನೂ ಅಳೆಯುತ್ತಾರೆ. ಕ್ಯಾಲ್ಸಿಯಂ ಸಮುದ್ರದಲ್ಲಿರುವಂತೆ ಲೀಟರಿಗೆ 400 ಮಿಲಿಗ್ರಾಂನ ಆಸುಪಾಸು, ಕ್ಷಾರೀಯತೆ 140ರಿಂದ 210. ಕಡಿಮೆಯಾದರೆ ಸುಣ್ಣದ ತಿಳಿನೀರು ಹನಿಸುತ್ತಾರೆ. ಹೌದು, ನಮ್ಮ ಎಲೆಅಡಿಕೆಯ ಅದೇ ಸುಣ್ಣ.

ಹೊಸಬರು ಮಾಡುವ ತಪ್ಪು ಒಂದೇ. ಎರಡೂ ಹೆಚ್ಚಿದ್ದರೆ ಒಳ್ಳೆಯದು ಎಂದುಕೊಂಡು ಎರಡನ್ನೂ ಸುರಿಯುತ್ತಾರೆ. ಆಗ ತೊಟ್ಟಿಯಲ್ಲಿ ಹಿಮ ಬಿದ್ದಂತೆ ಬಿಳಿ ಪುಡಿ ಉದುರುತ್ತದೆ, ಕ್ಯಾಲ್ಸಿಯಂ ದಿಢೀರನೆ ಕುಸಿಯುತ್ತದೆ. ಒಂದು ಮಿತಿ ದಾಟಿದ ಮೇಲೆ ಕ್ಯಾಲ್ಸಿಯಂ ಮತ್ತು ಕ್ಷಾರೀಯತೆ ಏತದ ಎರಡು ತುದಿಗಳಿದ್ದಂತೆ. ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ ಬರಲೇಬೇಕು.

ಕೊಪ್ಪಳದ ನೆಲದ ಕೆಳಗೆ ಸಾವಿರಾರು ವರ್ಷಗಳಿಂದ ಇದೇ ಏತ ಆಡುತ್ತಿದೆ. ವ್ಯತ್ಯಾಸವೆಂದರೆ, ಇಲ್ಲಿ ಮೂರನೆಯ ಪಾತ್ರಧಾರಿಯೊಬ್ಬ ಇದ್ದಾನೆ.

ಕಲ್ಲು, ಮಳೆ, ಫ್ಲೋರೈಡ್

ಆನೆಗೊಂದಿಯ ಬಂಡೆಗಳನ್ನೋ ಹಿರೇಬೆಣಕಲ್ಲಿನ ಮೋರೇರ ಮನೆಗಳನ್ನೋ ನೋಡಿದವರಿಗೆ ನಮ್ಮ ಜಿಲ್ಲೆ ಯಾವ ಕಲ್ಲಿನ ಮೇಲೆ ಕೂತಿದೆ ಎಂದು ಹೇಳಬೇಕಿಲ್ಲ. ಗ್ರಾನೈಟ್ ಮತ್ತು ನೈಸ್ ಎಂಬ ಅದರ ದಾಯಾದಿ. ಈ ಕಲ್ಲುಗಳೊಳಗೆ ಬಯೊಟೈಟ್, ಹಾರ್ನ್‌ಬ್ಲೆಂಡ್, ಅಪಟೈಟ್, ಅಲ್ಲಲ್ಲಿ ಫ್ಲೋರೈಟ್ ಎಂಬ ಖನಿಜಗಳಿರುತ್ತವೆ, ಅವುಗಳಲ್ಲಿ ಫ್ಲೋರೈಡ್ ಇರುತ್ತದೆ. ಯಾವ ಕಾರ್ಖಾನೆಯೂ ತಂದು ಸುರಿದದ್ದಲ್ಲ, ಕಲ್ಲಿನೊಳಗೇ ಇರುವುದು.

ಮಳೆ ನೀರು ಮಣ್ಣಿನೊಳಗೆ ಇಳಿಯುವಾಗ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತದೆ, ಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ, ಬೈಕಾರ್ಬೊನೇಟ್ ತುಂಬಿಕೊಳ್ಳುತ್ತದೆ. ಮಲೆನಾಡಿನಲ್ಲಾದರೆ ಮತ್ತೆ ಮತ್ತೆ ಸುರಿವ ಮಳೆ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನಮ್ಮ ಬಯಲುಸೀಮೆಯಲ್ಲಿ ನೀರು ಬಿರುಕುಗಳಲ್ಲಿ ಕೂತು, ಆವಿಯಾಗಿ, ದಪ್ಪವಾಗುತ್ತದೆ. ಕ್ಷಾರೀಯತೆ ಏರುತ್ತದೆ. ಏರಿದಂತೆ ಕ್ಯಾಲ್ಸಿಯಂ ಸುಣ್ಣವಾಗಿ ಹೊರಗೆ ಬೀಳುತ್ತದೆ. ಕಪ್ಪು ಮಣ್ಣಿನ ಹೊಲ ಅಗೆದಾಗ ಸಿಗುವ ಬಿಳಿ ಸುಣ್ಣದ ಹರಳುಗಳಿವೆಯಲ್ಲ, ಅವು ಹೀಗೆ ನೀರಿನಿಂದ ಹೊರಬಿದ್ದ ಕ್ಯಾಲ್ಸಿಯಂ. ಉಳಿದಿದ್ದರಲ್ಲಿ ಸ್ವಲ್ಪವನ್ನು ಜೇಡಿಮಣ್ಣು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಕೊನೆಗೆ ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚು ಇರುವ ನೀರು ತಯಾರಾಗುತ್ತದೆ.

ಇಂಥ ನೀರು ಫ್ಲೋರೈಡ್‌ಗೆ ಹೇಳಿ ಮಾಡಿಸಿದ ಮನೆ. ಕ್ಯಾಲ್ಸಿಯಂ ಮತ್ತು ಫ್ಲೋರೈಡ್ ಒಟ್ಟಿಗೆ ಹೆಚ್ಚಿದ್ದರೆ ಎರಡೂ ಜೋಡಿಯಾಗಿ ಕ್ಯಾಲ್ಸಿಯಂ ಫ್ಲೋರೈಡ್ ಎಂಬ ಕಲ್ಲಾಗಿ ಕೂರುತ್ತವೆ. ಅಂದರೆ ಕ್ಯಾಲ್ಸಿಯಂ ಫ್ಲೋರೈಡ್‌ಗೆ ಒಂದು ಚಾವಣಿ ಹಾಕುತ್ತದೆ. ಸ್ಥೂಲ ಲೆಕ್ಕ ಹೀಗಿದೆ: ಲೀಟರಿಗೆ 160 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಆ ಚಾವಣಿ ಒಂದೂವರೆ ಮಿಲಿಗ್ರಾಂ ಫ್ಲೋರೈಡ್‌ನ ಹತ್ತಿರ. ಕ್ಯಾಲ್ಸಿಯಂ 40ಕ್ಕೆ ಇಳಿದರೆ ಚಾವಣಿ 3ಕ್ಕೆ ಏರುತ್ತದೆ. 10ಕ್ಕೆ ಇಳಿದರೆ 6ಕ್ಕೆ. ಬೇರೆ ಲವಣಗಳಿದ್ದರೆ ಇನ್ನೂ ಸ್ವಲ್ಪ ಮೇಲೆ. ಇದು ಚಾವಣಿಯ ಲೆಕ್ಕ, ನೀರಿನಲ್ಲಿ ಅಷ್ಟು ಇದ್ದೇ ಇರುತ್ತದೆ ಎಂದಲ್ಲ. ಕಲ್ಲಿನಲ್ಲಿ ಫ್ಲೋರೈಡ್ ಇರುವ ಕಡೆ ಮಾತ್ರ ಚಾವಣಿಯ ಮಾತು ಬರುತ್ತದೆ. ನಮ್ಮ ಜಿಲ್ಲೆ ಅಂಥ ಕಡೆ. ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿದ ಸ್ಥಳಗಳಿರುವ ಜಿಲ್ಲೆಗಳ ಕೇಂದ್ರ ಅಂತರ್ಜಲ ಮಂಡಳಿಯ ಪಟ್ಟಿಯಲ್ಲಿ ಕೊಪ್ಪಳದ ಹೆಸರಿದೆ, ಅಕ್ಕಪಕ್ಕದ ರಾಯಚೂರು, ಗದಗ, ಬಾಗಲಕೋಟೆಗಳ ಹೆಸರೂ ಇದೆ.

ಈಗ ಮತ್ತೆ ಆ ವಿಡಿಯೊ ನೆನಪಿಸಿಕೊಳ್ಳಿ. ಅದು ಸುಣ್ಣ ಹೆಚ್ಚಿರುವ ನೀರಿನತ್ತ ಬೆರಳು ತೋರಿಸುತ್ತದೆ. ಆದರೆ ಈ ಸೀಮೆಯಲ್ಲಿ ಹೆಚ್ಚು ಅನುಮಾನದಿಂದ ನೋಡಬೇಕಾದ್ದು ಸುಣ್ಣ ಕಡಿಮೆಯಾದ, ಕ್ಷಾರೀಯತೆ ಹೆಚ್ಚಾದ ನೀರು.

‘ಬ್ಯಾಳಿ ಛಲೋ ಕುದೀತಾವ್ರಿ’

ನನಗೆ ಬಹಳ ಕಾಡಿದ ವಿಷಯ ಇದು. ನೀರಿನ ಗುಣ ನೋಡಲು ನಮ್ಮ ಹೆಂಗಸರಿಗೆ ಅವರದೇ ಪರೀಕ್ಷೆಗಳಿವೆ. ಬೇಳೆ ಬೇಗ ಬೇಯಬೇಕು. ಸೋಪು ನೊರೆ ಬರಬೇಕು. ಕೂದಲು ಅಂಟಾಗಬಾರದು. ಬಾಯಿಗೆ ಸವಳು ಎನಿಸಬಾರದು. ಊರಲ್ಲಿ ಎರಡು ಬೋರ್‌ವೆಲ್ ಇದ್ದರೆ, ಬೇಳೆ ಬೇಯದ ಬೋರಿನ ನೀರು ಬಟ್ಟೆಗೆ ಮತ್ತು ದನಕ್ಕೆ, ಬೇಳೆ ಬೇಯುವ ಬೋರಿನ ನೀರು ಕುಡಿಯಲು. ತಲೆಮಾರುಗಳ ಅನುಭವದಿಂದ ಬಂದ, ತನ್ನ ಮಟ್ಟಿಗೆ ಸರಿಯಾದ ಪರೀಕ್ಷೆ. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ ಜೊತೆ ಸೇರಿ ಅದನ್ನು ಗಟ್ಟಿ ಮಾಡುತ್ತದೆ, ಸೋಪನ್ನು ಗಸಿ ಮಾಡುತ್ತದೆ. ಎರಡೂ ವಿಜ್ಞಾನದ ಪ್ರಕಾರ ನಿಜ.

ಆದರೆ ಕ್ಯಾಲ್ಸಿಯಂ ಕಡಿಮೆ, ಬೈಕಾರ್ಬೊನೇಟ್ ಹೆಚ್ಚು ಇರುವ ನೀರು ಈ ಪರೀಕ್ಷೆಗಳಲ್ಲಿ ಫಸ್ಟ್ ಕ್ಲಾಸ್ ಪಾಸಾಗುತ್ತದೆ. ಬೇಳೆಗೆ ಚಿಟಿಕೆ ಸೋಡಾ ಹಾಕಿದರೆ ಬೇಗ ಬೇಯುತ್ತದಲ್ಲ, ಈ ನೀರು ಒಂಥರಾ ಸೋಡಾ ಹಾಕಿಕೊಂಡೇ ಬಂದ ನೀರು. ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಈ ಪ್ರಮಾಣದಲ್ಲಿ ರುಚಿಯೂ ಇಲ್ಲ. ಹಾಗಾಗಿ ಎರಡು ಬೋರ್‌ಗಳಲ್ಲಿ ‘ಒಳ್ಳೆಯದು’ ಎಂದು ಆರಿಸಿಕೊಂಡಿದ್ದೇ ಫ್ಲೋರೈಡ್ ಹೆಚ್ಚಿರುವುದಾಗುವ ಸಾಧ್ಯತೆ ನಿಜಕ್ಕೂ ಇದೆ.

ಇದನ್ನು ತಿರುಗಿಸಿ ‘ಗಡಸು ನೀರು ಸೇಫ್, ಕುಡಿಯಿರಿ’ ಎಂಬ ಹೊಸ ಫಾರ್ವರ್ಡ್ ಮಾಡಬೇಡಿ, ದಯವಿಟ್ಟು. ಗಡಸು ನೀರಿನಲ್ಲೂ ಒಂದೂವರೆ ದಾಟಿದ ಫ್ಲೋರೈಡ್ ಸಿಗುತ್ತದೆ. ತಿಪ್ಪೆ, ಚರಂಡಿ, ಗೊಬ್ಬರ ಇಂಗಿದ ಕಡೆ ನೈಟ್ರೇಟ್ ಕೂಡ ಇರುತ್ತದೆ, ಅದಕ್ಕೆ ಮಿತಿ 45 ಮಿಲಿಗ್ರಾಂ, ಹಸುಗೂಸುಗಳಿಗೆ ಅದು ಅಪಾಯ. ಬೇಳೆಯಾಗಲಿ ಸೋಪಾಗಲಿ ಇದ್ಯಾವುದನ್ನೂ ಹೇಳುವುದಿಲ್ಲ.

ಕೈಯಲ್ಲಿ ಹಿಡಿಯುವ ಪೆನ್ನಿನಂಥ ಟಿಡಿಎಸ್ ಮೀಟರ್ ಕೂಡ ಹೇಳುವುದಿಲ್ಲ. ಅದು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು, ಅದರಿಂದ ಒಟ್ಟು ಲವಣಗಳನ್ನು ಅಂದಾಜು ಮಾಡುತ್ತದೆ. ಟಿಡಿಎಸ್ 450 ಇರುವ ನೀರಿನಲ್ಲಿ 3 ಮಿಲಿಗ್ರಾಂ ಫ್ಲೋರೈಡ್ ಇದ್ದರೆ, ಆ 450ರೊಳಗೆ 3 ಅಡಗಿ ಕೂತಿರುತ್ತದೆ. ಮೀಟರಿನ ಪ್ರಕಾರ ನೀರು ಪಾಸು. ಟಿಡಿಎಸ್ 900 ಇರುವ ಪಕ್ಕದ ಬಾವಿ ಫೇಲು, ಅದರಲ್ಲಿ ಫ್ಲೋರೈಡ್ ಒಂದಕ್ಕಿಂತ ಕಡಿಮೆ ಇದ್ದರೂ. ಒಂದು ಕೆಲಸಕ್ಕೆ ಮಾತ್ರ ಈ ಮೀಟರ್ ಉಪಯೋಗ. ಆರ್‌ಒ ಯಂತ್ರಕ್ಕೆ ಹೋಗುವ ನೀರು 900, ಹೊರಬರುವುದು 60 ಇದ್ದರೆ ಒಳಗಿನ ಪೊರೆ ಕೆಲಸ ಮಾಡುತ್ತಿದೆ ಎಂದರ್ಥ. ತಿಂಗಳು ಕಳೆದಂತೆ 60 ಹೋಗಿ 300 ಆದರೆ ಪೊರೆ ಹೋಯಿತು ಎಂದು ತಿಳಿಯಬೇಕು.

ಹಲ್ಲು ಮೊದಲು ಹೇಳುತ್ತದೆ

ಫ್ಲೋರೈಡ್‌ನ ತೊಂದರೆಯನ್ನು ಜಗತ್ತು ಪತ್ತೆ ಮಾಡಿದ್ದೂ ಹಲ್ಲಿನಿಂದಲೇ. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರಿಗೆ ಅಲ್ಲಿನ ಜನರ ಹಲ್ಲಿನ ಕಂದು ಕಲೆ ವಿಚಿತ್ರವೆನಿಸಿತು. ಕಾರಣ ನೀರಿನ ಫ್ಲೋರೈಡ್ ಎಂದು ಖಚಿತವಾಗಲು 1931 ಬಂತು. ಭಾರತದಲ್ಲಿ 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆಯ ಹಳ್ಳಿಗಳಲ್ಲಿ ಬೆನ್ನು ಬಾಗಿ ಗಟ್ಟಿಯಾದ ರೈತರನ್ನು ನೋಡಿ ವೈದ್ಯರು ವರದಿ ಬರೆದರು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಇಂಥ ಪ್ರದೇಶಗಳ ಮಕ್ಕಳಲ್ಲಿ ಮಂಡಿಗಳು ಒಳಗೆ ಬಾಗಿ ಒಂದಕ್ಕೊಂದು ತಾಗುವ ತೊಂದರೆಯನ್ನು ದಾಖಲಿಸಿದರು.

ಹಲ್ಲಿನ ಎನಾಮೆಲ್ ತಯಾರಾಗುವುದು ಬಾಲ್ಯದಲ್ಲಿ, ಸುಮಾರು 8 ವರ್ಷದ ಒಳಗೆ. ಆ ವಯಸ್ಸಿನಲ್ಲಿ ಕುಡಿದ ನೀರಿನ ಗುರುತು ಜೀವನಪೂರ್ತಿ ಉಳಿಯುತ್ತದೆ: ಮೊದಲು ಸುಣ್ಣದಂಥ ಬಿಳಿ ಮಚ್ಚೆ, ಹೆಚ್ಚಾದರೆ ಅಡ್ಡಗೆರೆಯಂಥ ಹಳದಿ-ಕಂದು ಪಟ್ಟಿ. ಎಲೆಅಡಿಕೆಯ ಕಲೆ ತಿಕ್ಕಿದರೆ ಹೋಗುತ್ತದೆ, ಇದು ಹೋಗುವುದಿಲ್ಲ. ದೊಡ್ಡವರಾದ ಮೇಲೆ ಊರಿಗೆ ಬಂದವರ ಹಲ್ಲಿಗೆ ಈ ಕಲೆ ಬರುವುದಿಲ್ಲ, ಹಾಗೆಂದು ಅವರು ಪಾರಾದರು ಎಂದಲ್ಲ. ಲೀಟರಿಗೆ 3ರಿಂದ 6 ಮಿಲಿಗ್ರಾಂ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆಯಲ್ಲಿ ಫ್ಲೋರೈಡ್ ಸೇರಿ ಕೀಲು ನೋವು, ಬೆನ್ನು ಬಿಗಿತ ಬರಬಹುದು. ಅದನ್ನು ‘ವಯಸ್ಸಾಯ್ತು, ವಾತ’ ಎಂದು ಬಿಟ್ಟುಬಿಡುವುದೇ ಹೆಚ್ಚು.

ಇಲ್ಲೂ ಕ್ಯಾಲ್ಸಿಯಂ ಮತ್ತೆ ಬರುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಕರುಳಿನಲ್ಲಿ ಸ್ವಲ್ಪ ಫ್ಲೋರೈಡನ್ನು ಹಿಡಿದು ಹೊರಹಾಕುತ್ತದೆ. ಊಟದಲ್ಲೂ ಕ್ಯಾಲ್ಸಿಯಂ ಕಡಿಮೆ, ನೀರಿನಲ್ಲೂ ಕಡಿಮೆ ಇರುವ ಮಕ್ಕಳಿಗೆ ಹೊಡೆತ ಹೆಚ್ಚು. ಸುಣ್ಣಕ್ಕೆ ಹೆದರಿ ಮಕ್ಕಳ ಹಾಲು, ಮೊಸರು, ಮಜ್ಜಿಗೆ ನಿಲ್ಲಿಸಿದವರನ್ನು ನಾನು ನೋಡಿದ್ದೇನೆ. ಅದು ತಪ್ಪು ದಿಕ್ಕಿನಲ್ಲಿ ಇಟ್ಟ ಹೆಜ್ಜೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ರಾಗಿ, ಹಸಿರು ಸೊಪ್ಪು, ಮಜ್ಜಿಗೆ, ಇವು ಔಷಧವಲ್ಲ, ಕೆಟ್ಟ ನೀರನ್ನು ಒಳ್ಳೆಯದು ಮಾಡುವುದಿಲ್ಲ, ಆದರೆ ಮಕ್ಕಳ ಪರವಾಗಿ ನಿಲ್ಲುತ್ತವೆ.

ಇನ್ನೊಂದು ಲೆಕ್ಕ. ಒಂದೂವರೆ ಮಿಲಿಗ್ರಾಂ ಎಂಬ ಮಿತಿಯನ್ನು ತಂಪು ಊರಿನವರೂ ಬಿಸಿಲೂರಿನವರೂ ಒಂದೇ ಥರ ಓದುವಂತಿಲ್ಲ. ಏಪ್ರಿಲ್‌ನಲ್ಲಿ ಹೊಲದಲ್ಲಿ ದುಡಿಯುವವರು ದಿನಕ್ಕೆ 4 ಲೀಟರ್ ಕುಡಿದರೆ 6 ಮಿಲಿಗ್ರಾಂ ಒಳಗೆ ಹೋಯಿತು. ಮೇಲೆ ಚಹಾ. ಚಹಾ ಎಲೆಯಲ್ಲಿಯೇ ಸಹಜವಾಗಿ ಫ್ಲೋರೈಡ್ ಇರುತ್ತದೆ. ಅದಕ್ಕಾಗಿಯೇ ನಮ್ಮಂಥ ಕಡೆ 1ಕ್ಕಿಂತ ಕಡಿಮೆ ಇರುವ ನೀರು ಹುಡುಕಬೇಕು ಎನ್ನುವುದು.

ಕುದಿಸಿದರೆ? ಪಟಿಕ ಹಾಕಿದರೆ? ಸುಣ್ಣ ಹಾಕಿದರೆ?

ಕುದಿಸಿದರೆ ಕ್ಯಾಲ್ಸಿಯಂ ಹಕ್ಕಳೆಯಾಗಿ ಹೋಗುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ದಪ್ಪವಾಗುತ್ತದೆ. ಇದರ ಅರ್ಥ ಕುದಿಸಬೇಡಿ ಎಂದಲ್ಲ, ಯಾವ ನೀರು ಎಂದು ನೋಡಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಗಂಗಾವತಿ ಕಡೆಯ ನೆಲವನ್ನು ಭತ್ತದ ಗದ್ದೆ ಮಾಡಿತು. ನದಿ ಮತ್ತು ಕಾಲುವೆಯ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ, ಅಲ್ಲಿನ ಚಿಂತೆ ರೋಗಾಣು. ಆ ನೀರನ್ನು ಕುದಿಸಲೇಬೇಕು. ಬೋರ್‌ವೆಲ್ಲನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಯಲ್ಲಿ, ಗಂಗಾವತಿಯದೇ ಕಾಲುವೆ ಮುಟ್ಟದ ಊರಿನಲ್ಲಿ, ಕುದಿಸಿದ್ದು ಅರ್ಧ ಕೆಲಸ. ‘ನೀರು ಕುದಿಸಿ ಕುಡಿಯಿರಿ’ ಎಂಬ ಒಂದೇ ಸಂದೇಶ ಒಂದು ಹೋಬಳಿಗೆ ಸಾಕು, ಇನ್ನೊಂದಕ್ಕೆ ಸಾಲದು.

ಕೊಡಕ್ಕೆ ಒಂದು ಸುತ್ತು ಪಟಿಕ ತಿರುಗಿಸಿದರೆ ರಾಡಿ ಕೂರುತ್ತದೆ, ಅಷ್ಟೇ. ಪಟಿಕದಿಂದ ಫ್ಲೋರೈಡ್ ತೆಗೆಯುವ ವಿಧಾನ ನಿಜವಾಗಿಯೂ ಇದೆ. ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ರೂಪಿಸಿದ ಇದಕ್ಕೆ ನಲ್ಗೊಂಡ ವಿಧಾನ ಎಂದೇ ಹೆಸರು. ಆದರೆ ಅದರಲ್ಲಿ ಪಟಿಕದ ಪ್ರಮಾಣವನ್ನು ನೀರಿನ ಫ್ಲೋರೈಡ್ ಎಷ್ಟು, ಕ್ಷಾರೀಯತೆ ಎಷ್ಟು ಎಂದು ಅಳೆದು ನಿರ್ಧರಿಸಬೇಕು, ಜೊತೆಗೆ ಸುಣ್ಣ ಹಾಕಬೇಕು, ಕಲಕಬೇಕು, ತಿಳಿಯಾಗಲು ಬಿಡಬೇಕು, ಗಸಿಯನ್ನು ಮಕ್ಕಳು ದನಕರುಗಳಿಂದ ದೂರ ಚೆಲ್ಲಬೇಕು. ಅಂದಾಜಿನಲ್ಲಿ ಮಾಡಿದರೆ ಫ್ಲೋರೈಡ್ ಉಳಿಯುತ್ತದೆ, ಅಲ್ಯುಮಿನಿಯಂ ಸೇರುತ್ತದೆ.

ಬರೀ ಸುಣ್ಣ? ‘ಗೋಧಿ ಕಾಳಿನಷ್ಟು ಸುಣ್ಣ ತಿನ್ನಿ, ನೂರು ರೋಗ ಓಡಿಸಿ’ ಎಂಬ ಫಾರ್ವರ್ಡ್ ಓದಿದವರು ಇಷ್ಟು ಹೊತ್ತಿಗೆ ಯೋಚಿಸಿರುತ್ತಾರೆ: ಕ್ಯಾಲ್ಸಿಯಂ ಚಾವಣಿ ಹಾಕುತ್ತದೆ ಎಂದರಲ್ಲ, ಹಾಗಾದರೆ ಕೊಡಕ್ಕೆ ಸುಣ್ಣ ಹಾಕಿದರಾಯಿತು! ಆಗುವುದಿಲ್ಲ. ಕ್ಷಾರೀಯತೆ ಹೆಚ್ಚಿರುವ ನೀರಿಗೆ ಬಿದ್ದ ಸುಣ್ಣ ಮೊದಲು ಬೈಕಾರ್ಬೊನೇಟ್ ಜೊತೆ ಸೇರಿ ಬಿಳಿ ಪುಡಿಯಾಗಿ ಕೂರುತ್ತದೆ, ಹವಳದ ತೊಟ್ಟಿಯ ಹಿಮದಂತೆ. ಫ್ಲೋರೈಡ್‌ಗೆ ಉಳಿಯುವುದು ಸ್ವಲ್ಪ. ಕೈಗಾರಿಕೆಗಳ ತ್ಯಾಜ್ಯ ನೀರಿಗೆ ಧಾರಾಳವಾಗಿ ಸುಣ್ಣ ಹಾಕಿದರೂ ಫ್ಲೋರೈಡ್ ಸಾಮಾನ್ಯವಾಗಿ ಲೀಟರಿಗೆ 8 ಮಿಲಿಗ್ರಾಂ ಹತ್ತಿರ ಬಂದು ನಿಲ್ಲುತ್ತದೆ. ನಮಗೆ ಬೇಕಿರುವುದು 1. ಸುಣ್ಣದ ನೀರಿನ ಪಿಎಚ್ ಏರಿ ಬಾಯಿ ಸುಡುವುದು ಬೇರೆ.

ಆರ್‌ಒ ಯಂತ್ರದ ಪೊರೆ ಸರಿಯಿದ್ದರೆ ಫ್ಲೋರೈಡ್‌ನ ಬಹುಪಾಲನ್ನು ತಡೆಯುತ್ತದೆ, ಊರಿನ ಶುದ್ಧ ನೀರಿನ ಘಟಕಗಳಲ್ಲಿ ನಾಣ್ಯ ಹಾಕಿದರೆ ಬರುವುದು ಈ ನೀರೇ. ‘ಆರ್‌ಒ ನೀರು ಮೂಳೆಯ ಸುಣ್ಣ ಹೀರುತ್ತದೆ’ ಎಂಬ ಎದುರು ಪಾರ್ಟಿಯ ಫಾರ್ವರ್ಡನ್ನೂ ನಂಬಬೇಡಿ. ನೀರು ಮೂಳೆಯನ್ನು ಹೀರುವುದಿಲ್ಲ. ನೀರಿನಿಂದ ಬರುತ್ತಿದ್ದ ಒಂದಿಷ್ಟು ಕ್ಯಾಲ್ಸಿಯಂ ಬರುವುದಿಲ್ಲ, ಅದನ್ನು ಊಟದಿಂದ ತುಂಬಿಕೊಳ್ಳಬೇಕು. ಇಲ್ಲಿ ಹೆಚ್ಚು ಕಾಣುವ ತಪ್ಪು ಬೇರೆಯದು. ಕುಡಿಯಲು ಘಟಕದ ನೀರು, ಅನ್ನ, ಬೇಳೆ, ಚಹಾಕ್ಕೆ ಬೋರಿನ ನೀರು. ಅನ್ನ ನೀರನ್ನು ಪೂರ್ತಿ ಹೀರಿಕೊಳ್ಳುತ್ತದೆ, ಅದರೊಳಗಿನ ಫ್ಲೋರೈಡ್ ಸಮೇತ. ಯಂತ್ರದ ಹಿಂಭಾಗದಿಂದ ಹರಿದು ಹೋಗುವ ನೀರಿನಲ್ಲಿ ಫ್ಲೋರೈಡ್ ಇನ್ನೂ ದಪ್ಪ, ಅದನ್ನು ದನದ ತೊಟ್ಟಿಗೆ ಬಿಡಬೇಡಿ, ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ನದಿಯ ನೀರು ಬಹುಗ್ರಾಮ ಯೋಜನೆಯ ಪೈಪಿನಲ್ಲಿ ನಿಮ್ಮ ಊರಿಗೆ ಬರುತ್ತಿದ್ದರೆ ಅಡುಗೆಗೂ ಕುಡಿಯಲೂ ಅದೇ ಇರಲಿ. ಕರೆಂಟ್ ಇಲ್ಲ, ಪೈಪ್ ಒಡೆದಿದೆ ಎಂದು ಅದೇ ಟ್ಯಾಂಕಿಗೆ ಬೋರಿನ ನೀರು ಬೆರೆಸುವ ದಿನಗಳೂ ಇರುತ್ತವೆ. ಯಾವ ದಿನ ಯಾವ ನೀರು ಎಂದು ನೀರುಗಂಟಿಯನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಹತ್ತು ನಿಮಿಷದ ಪರೀಕ್ಷೆ

ಹವಳ ಸಾಕುವವರು ವಾರಕ್ಕೊಮ್ಮೆ ಮಾಡುವ ಹನಿ ಪರೀಕ್ಷೆಯಂಥದ್ದೇ ನಮಗೂ ಲಭ್ಯವಿದೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್ ಅಡಿಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷಾ ಕಿಟ್ ಕೊಟ್ಟು, ಊರಿನ ಐವರು ಮಹಿಳೆಯರಿಗೆ ತರಬೇತಿ ಕೊಡುವ ವ್ಯವಸ್ಥೆ ಇದೆ. ಕಿಟ್ಟಿನ ಸಣ್ಣ ನಳಿಕೆಯಲ್ಲಿ ನೀರು ಹಾಕಿ, ಫ್ಲೋರೈಡ್‌ನ ಹನಿಗಳನ್ನು ಬಿಟ್ಟರೆ ಗುಲಾಬಿ ಬಣ್ಣ ಹಳದಿಯತ್ತ ತಿರುಗುತ್ತದೆ. ಎಷ್ಟು ಹಳದಿಯೋ ಅಷ್ಟು ಫ್ಲೋರೈಡ್, ಪಕ್ಕದಲ್ಲಿರುವ ಬಣ್ಣದ ಪಟ್ಟಿಗೆ ಹೋಲಿಸಬೇಕು. ಪಟಿಕ ಹಾಕಿದ ನೀರನ್ನು ಮಾತ್ರ ಇದರಲ್ಲಿ ನೋಡಬೇಡಿ, ಅಲ್ಯುಮಿನಿಯಂ ಇದ್ದರೆ ಬಣ್ಣ ಮೋಸ ಮಾಡಿ ಫ್ಲೋರೈಡ್ ಕಡಿಮೆ ಇದೆ ಎಂದು ತೋರಿಸುತ್ತದೆ.

ಕಿಟ್ಟಿನಲ್ಲಿ 1ರ ಮೇಲೆ ಬಂದರೆ, ಅಥವಾ ಅನುಮಾನ ಬಂದರೆ, ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕಡಿಮೆ ಶುಲ್ಕದಲ್ಲಿ ಯಾರು ಬೇಕಾದರೂ ನೀರು ಕೊಡಬಹುದು. ಒಂದು ಲೀಟರಿನ ಶುದ್ಧ ಪ್ಲಾಸ್ಟಿಕ್ ಬಾಟಲಿ ಸಾಕು. ಬೋರನ್ನು ಕೆಲವು ನಿಮಿಷ ಓಡಲು ಬಿಟ್ಟು, ಅದೇ ನೀರಿನಲ್ಲಿ ಬಾಟಲಿಯನ್ನು ಎರಡು ಮೂರು ಸಲ ತೊಳೆದು ತುಂಬಿಸಿ, ಊರು, ಬೋರಿನ ಗುರುತು, ದಿನಾಂಕ ಬರೆದು ಕೊಡಿ. ವರದಿಯಲ್ಲಿ ಟಿಡಿಎಸ್ ಒಂದನ್ನೇ ನೋಡಿ ಮಡಚಿಡಬೇಡಿ. ಫ್ಲೋರೈಡ್, ನೈಟ್ರೇಟ್, ಕ್ಯಾಲ್ಸಿಯಂ, ಕ್ಷಾರೀಯತೆ ಎಂಬ ನಾಲ್ಕು ಸಾಲು ಹುಡುಕಿ. ಕ್ಯಾಲ್ಸಿಯಂ ಎರಡಂಕಿಯ ಕೆಳಭಾಗದಲ್ಲಿದ್ದು ಕ್ಷಾರೀಯತೆ 300 ದಾಟಿದ್ದರೆ, ಈ ಸಲ ಫ್ಲೋರೈಡ್ ಮಿತಿಯೊಳಗಿದ್ದರೂ ಬೇಸಿಗೆಯಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಬೋರನ್ನು ಇನ್ನಷ್ಟು ಆಳಕ್ಕೆ ಕೊರೆಸಿದರೂ ಮತ್ತೆ ಪರೀಕ್ಷೆ ಮಾಡಿಸಿ, ಆಳದ ನೀರು ಕಲ್ಲಿನ ಜೊತೆ ಹೆಚ್ಚು ಕಾಲ ಕಳೆದಿರುತ್ತದೆ.

ಕುಷ್ಟಗಿಯ ಆ ಮನೆಯವರು ಕೊನೆಗೆ ಎರಡೂ ಬೋರ್‌ಗಳ ನೀರು ಕೊಟ್ಟು ಬಂದರು. ಬಟ್ಟೆ ಒಗೆಯಲು ಇಟ್ಟಿದ್ದ, ಬೇಳೆ ಬೇಯದ ಬೋರಿನಲ್ಲಿ ಫ್ಲೋರೈಡ್ ಒಂದರ ಸ್ವಲ್ಪ ಮೇಲಿತ್ತು. ಇಪ್ಪತ್ತು ವರ್ಷ ಕುಡಿದದ್ದರಲ್ಲಿ ಅದರ ಎರಡರಷ್ಟಕ್ಕಿಂತ ಹೆಚ್ಚಿತ್ತು. ಈಗ ಕುಡಿಯಲು, ಅಡುಗೆಗೆ ಎರಡಕ್ಕೂ ಘಟಕದ ನೀರು ತರುತ್ತಾರೆ. ಹಂಡೆಯಲ್ಲಿ ಹಕ್ಕಳೆ ಈಗಲೂ ಕಟ್ಟುತ್ತದೆ, ತಿಂಗಳಿಗೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ.